ಮೂರು ಗೇಣಿನ ಸ್ಕೀ, ಇಬ್ಬರು ಬೀಗರು

ನಾಗಮಂಗಲ ತಾಲೂಕಿನಲ್ಲಿ ಮಳೆ ಬೀಳುವುದೇ ದೇವರ ದಯೆ. ಇನ್ನು ಹಿಮ ಬೀಳುವುದನ್ನು ಕಂಡವರು ಅಲ್ಲೂ ಇಲ್ಲ, ಅಕ್ಕಪಕ್ಕದ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲೂ ಇಲ್ಲ. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಬರೆಯಲು ಜಾಗವಿದೆಯೇ ಹೊರತು ಹಿಮ ಎಂದು ಬರೆಯಲು ಇಲ್ಲ. ಆದರೂ ನವೆಂಬರ್ ಹುಟ್ಟಿತೆಂದರೆ ಈ ನಾಲ್ಕು ತಾಲೂಕುಗಳ ಎಷ್ಟೋ ಹಜಾರಗಳಲ್ಲಿ ಕಬ್ಬು ಕಡಿಯುವ ಆಳಿನ ಚಿಂತೆ ಹಿಂದಕ್ಕೆ ಸರಿದು, ಮೊಮ್ಮಗನ ಸ್ಕೀ ಚಿಂತೆ ಮುಂದಕ್ಕೆ ಬರುತ್ತದೆ.

ಮೊಮ್ಮಗ ನಡೆಯಲು ಕಲಿತ ಅನ್ನುವುದು ಈಗ ಸುದ್ದಿಯೇ ಅಲ್ಲ. ನಡೆಯುವುದನ್ನು ಎಲ್ಲರ ಮಕ್ಕಳೂ ಮಾಡುತ್ತವೆ, ಖರ್ಚಿಲ್ಲದೆ ಮಾಡುತ್ತವೆ. ಡೆನ್ವರಿನಲ್ಲಿರುವ ಮೊಮ್ಮಗ ಎರಡೂವರೆ ವರ್ಷಕ್ಕೆ ಹಿಮದ ಮೇಲೆ ಜಾರಿದ ಅನ್ನುವುದು ಸುದ್ದಿ. ಅದರ ವಿಡಿಯೋ ಬೆಳಿಗ್ಗೆ ಐದಕ್ಕೆ ವಾಟ್ಸ್ಆ್ಯಪಿನಲ್ಲಿ ಬಿದ್ದರೆ, ಆರಕ್ಕೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ನೋಡಿ ಮುಗಿಸಿರುತ್ತಾರೆ. ಏಳರ ಹೊತ್ತಿಗೆ, ಜ್ಯೂರಿಕ್‌ನಲ್ಲಿ ಮಗಳಿರುವ ಪಕ್ಕದ ಬೀದಿಯವರು ತಮ್ಮ ಮೊಮ್ಮಗಳ ವಿಡಿಯೋ ತೆಗೆದು, 'ನಮ್ಮದಕ್ಕೆ ಹಿಡಿದುಕೊಳ್ಳೋರೂ ಬೇಡ' ಎಂದು ಒಂದು ಮಾತು ಎಸೆದು ಹೋಗಿರುತ್ತಾರೆ.

ನಮ್ಮ ಕಥೆಯ ಮಗುವಿಗೆ ತಾತಂದಿರು ಇಬ್ಬರು. ಅಪ್ಪನ ಅಪ್ಪ ಪಾಂಡವಪುರದ ಕಡೆಯವರು. ಅಮ್ಮನ ಅಪ್ಪ ಕೆ.ಆರ್. ಪೇಟೆ ಕಡೆಯವರು. ಇಬ್ಬರಿಗೂ ಮಂಡ್ಯ ಸೀಮೆಯಲ್ಲಿ ಇರಬೇಕಾದಷ್ಟು ಜಮೀನು, ಇರಬೇಕಾದುದಕ್ಕಿಂತ ಒಂದೆರಡು ಗುಂಟೆ ಹೆಚ್ಚೇ ಮರ್ಯಾದೆ. ಹೆಸರು ಬೇಡ. ಇವರನ್ನು ನೀವೆಲ್ಲ ಬಲ್ಲಿರಿ, ಹೋದ ವಾರದ ಬೀಗರೂಟದಲ್ಲಿ ಎದುರು ಪಂಕ್ತಿಯಲ್ಲೇ ಕೂತಿದ್ದರು.

ಮಗುವಿಗೆ ಹಿಮದ ಮೇಲೆ ಜಾರುವ ಹಲಗೆ, ಅಂದರೆ ಸ್ಕೀ, ಆಗಬೇಕು ಎಂದು ಡೆನ್ವರಿನಿಂದ ಮಾತು ಬಂದದ್ದೇ ತಡ, ಯಾವ ಸ್ಕೀ ಅನ್ನುವುದಕ್ಕಿಂತ ಮೊದಲು ಯಾರ ಸ್ಕೀ ಅನ್ನುವುದು ಎದ್ದಿತು. ಕೆ.ಆರ್. ಪೇಟೆಯವರ ವಾದ ಸ್ಪಷ್ಟವಾಗಿತ್ತು: 'ತೊಟ್ಲು ನಾವು ಕೊಟ್ಟೋ, ಬೆಳ್ಳಿ ಉಡಿದಾರ ನಾವು ಹಾಕ್ದೋ, ಕಿವಿ ಚುಚ್ಚುವಾಗ ಮೊಗ ಕೂತದ್ದು ನಮ್ ಹುಡುಗನ ತೊಡೆ ಮ್ಯಾಲೆ. ಇದೊಂದಾದ್ರೂ ಅವ್ರು ಮಾಡ್ಲಿ.' ಪಾಂಡವಪುರದವರು ಇನ್ನೂ ಸೂಕ್ಷ್ಮವಾಗಿ ಹೋದರು. 'ಕಾಲಿಗೆ ಹಾಕೋದೆಲ್ಲ ತವರಿನೋರ್ದು. ಕಾಲ್ಗೆಜ್ಜೆ ಯಾರು ತಂದ್ರು? ಸ್ಕೀ ಎಲ್ಲಿಗೆ ಹಾಕ್ತಾರೆ, ತಲೆಗಾ?' ಹೈಕೋರ್ಟಿನ ವಕೀಲರಿಗೂ ಇದಕ್ಕೆ ಎದುರುತ್ತರ ಹೊಳೆಯುತ್ತಿರಲಿಲ್ಲ.

ಪುರೋಹಿತರ ಪ್ರವೇಶವಾದ ಮೇಲೆ ವಿಷಯ ಮತ್ತೂ ಬಿಗಿಯಾಯಿತು. ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡಿಯುತ್ತದೆ, ಸಂಕ್ರಾಂತಿಗೇ ಬಿಡುವುದು. ಅಷ್ಟರಲ್ಲಿ ಹೊಸದೇನನ್ನೂ ಶುರು ಮಾಡುವಂತಿಲ್ಲ. ಡೆನ್ವರ್ ಇರುವ ಕೊಲರಾಡೊದ ಬೆಟ್ಟಗಳಿಗೆ ಈ ಮಾಹಿತಿ ತಲುಪಿಲ್ಲವಾದ್ದರಿಂದ ಅಲ್ಲಿ ಹಿಮ ಅದೇ ಹೊತ್ತಿಗೆ ಬೀಳುತ್ತದೆ. ಜಾರುವುದು ಶುಭಕಾರ್ಯವೋ ಅಶುಭವೋ ಎಂದು ಪಂಚಾಂಗದಲ್ಲಿ ಹುಡುಕಿದ ಪುರೋಹಿತರು ಕೊನೆಗೆ, ಕಾರ್ತಿಕದಲ್ಲಿ ಒಮ್ಮೆ ಸುಮ್ಮನೆ ಕಾಲಿಗೆ ಕಟ್ಟಿ ಬಿಚ್ಚಿಬಿಡಿ, ಆಮೇಲೆ ಜಾರಿದರೆ ಅದು ಮುಂದುವರಿಕೆ ಆಗುತ್ತದೆಯೇ ಹೊರತು ಆರಂಭವಾಗುವುದಿಲ್ಲ ಎಂದು ದಾರಿ ತೋರಿಸಿದರು. ಸರ್ಕಾರಿ ಕಾಮಗಾರಿಗಳಿಗೂ ಇಂಥ ಪುರೋಹಿತರು ಬೇಕು.

ಅಂತೂ ಮೊದಲ ವಿಡಿಯೋ ಕಾಲ್ ಕೂಡಿಬಂತು. ಮಗ ಅಂಗಡಿಯಲ್ಲಿ ನಿಂತಿದ್ದಾನೆ, ಪಾಂಡವಪುರದ ತಾತ ಜಗಲಿಯಲ್ಲಿ. ಮಗು ಎರಡಕ್ಕೂ ಸಂಬಂಧವಿಲ್ಲದಂತೆ ಅಂಗಡಿಯ ನೆಲದ ಮೇಲೆ ಉರುಳುತ್ತಿದೆ.

'ಎಪ್ಪತ್ತು ಸೆಂಟಿಮೀಟರ್ ಸಾಕಂತಪ್ಪ' ಅಂದ ಮಗ.

ತಾತ ಗೋಡೆಗೆ ಕೈಯಿಟ್ಟು ಅಳೆದರು. ಸರಿಯಾಗಿ ಮೂರು ಗೇಣು. 'ಮೂರ್ ಗೇಣಾ? ಹೊಲಿಗೆ ಮಿಷನ್ನಿನ ಹಲಗೆ ಇದಕ್ಕಿಂತ ಉದ್ದ ಐತಲ್ಲೋ. ಮೊಗ ಬೆಳೀತದೆ. ಒಂದು ಮಾರುದ್ದದ್ದು ನೋಡು.'

ಮಾರುದ್ದವೆಂದರೆ ದೊಡ್ಡವರ ಸ್ಕೀ. ಅದನ್ನು ಮೂರಡಿ ಎತ್ತರದ ಕೂಸಿಗೆ ಕಟ್ಟಿದರೆ ಅದು ತಿರುಗುವುದಿಲ್ಲ, ನಿಲ್ಲುವುದಿಲ್ಲ, ಹೋದ ಕಡೆಗೆ ಹೋಗುತ್ತದೆ. ಸ್ಕೀ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಕಲಿಯುವ ಮಗುವಿನ ಎದೆಗೆ ಬಂದರೆ ಸಾಕು, ಗದ್ದ ದಾಟಲೇಬಾರದು. ಗಿಡ್ಡದಿದ್ದಷ್ಟೂ ತಿರುಗಿಸುವುದು ಸುಲಭ, ವೇಗ ಕಡಿಮೆ. ಮಗ ಇದನ್ನೆಲ್ಲ ಸಮಾಧಾನವಾಗಿ ಹೇಳಿದ. ತಾತ ಸಮಾಧಾನವಾಗಿ ಕೇಳಿ, 'ಅಂಗ್ಡಿಯವ ಗಿಡ್ಡದ್ದು ಖರ್ಚಾಗ್ದೆ ನಿನ್ ತಲೇಗೆ ಕಟ್ಟವ್ನೆ' ಎಂದು ತೀರ್ಪು ಕೊಟ್ಟರು.

ನಿಜವಾದ ಯುದ್ಧ ಬೂಟಿನದು. ಸ್ಕೀ ಗಿಡ್ಡವೋ ಉದ್ದವೋ ಮಗು ಹೇಗೋ ಬೀಳುತ್ತದೆ, ಏಳುತ್ತದೆ. ಆದರೆ ಬೂಟು ಸಡಿಲವಾದರೆ ಎಲ್ಲವೂ ಕೆಟ್ಟಿತು. ಗಟ್ಟಿ ಪ್ಲಾಸ್ಟಿಕ್ಕಿನ ಹೊರಚಿಪ್ಪು, ಒಳಗೆ ಮೆತ್ತನೆಯ ಕಾಲುಚೀಲದಂಥ ಒಳಬೂಟು. ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲೇ: ಪಾದ ಹದಿನೈದೂವರೆ ಇದ್ದರೆ ಬೂಟು ಹದಿನೈದೂವರೆ. ಪರೀಕ್ಷೆ ಹೀಗೆ: ಒಳಬೂಟು ಹೊರತೆಗೆದು, ಬರೀ ಚಿಪ್ಪಿನೊಳಗೆ ಮಗುವಿನ ಪಾದವಿಟ್ಟು, ಹೆಬ್ಬೆರಳನ್ನು ಮುಂದಿನ ಗೋಡೆಗೆ ತಾಗಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡುವುದು. ಒಂದು ಬೆರಳಿನಷ್ಟು ಜಾಗವಿದ್ದರೆ ಸರಿ. ಎರಡು ಬೆರಳು ಹೋದರೆ ಆ ಬೂಟು ಬೇರೆ ಮಗುವಿನದು. ಕಾಲುಚೀಲವೂ ಒಂದೇ ಜೊತೆ. ಚಳಿ ಎಂದು ಎರಡು ಜೊತೆ ಹಾಕಿದರೆ ಮಡಿಕೆ ಬಿದ್ದು ಒತ್ತುತ್ತದೆ, ಬೆವರುತ್ತದೆ, ಬೆವರಿದ ಪಾದ ಇನ್ನಷ್ಟು ಚಳಿ ಹಿಡಿಯುತ್ತದೆ.

ಈ ಶಾಸ್ತ್ರ ಮಂಡ್ಯ ಜಿಲ್ಲೆಯ ಅಡಿಪಾಯಕ್ಕೇ ಕೊಡಲಿ ಪೆಟ್ಟು. ನಮ್ಮಲ್ಲಿ ಮಗುವಿನ ಕಾಲಿಗೆ ಸರಿಯಾಗಿ ಹೊಂದುವ ಶೂ ಕೊಳ್ಳುವುದು ದುಂದುಗಾರಿಕೆಯ ಪರಮಾವಧಿ. ಜೂನ್‌ನಲ್ಲಿ ಶಾಲೆ ಶುರುವಾದರೆ ಎರಡು ಸೈಜು ದೊಡ್ಡದು ತಂದು, ಮುಂದೆ ಹಳೇ ಪತ್ರಿಕೆ ತುರುಕಿ, ಅದನ್ನು ಅಣ್ಣ ಹಾಕಿ, ತಮ್ಮ ಹಾಕಿ, ಕೊನೆಗೆ ಅತ್ತೆ ಮಗ ಹಾಕಿ ತೀರಿಸುವುದು ಸಂಪ್ರದಾಯ. ಈ ಅಂಕಣ ಬರೆಯುತ್ತಿರುವ ಕಾಲುಗಳೂ ಎಷ್ಟೋ ಸಂಪಾದಕೀಯಗಳ ಮೇಲೆ ನಿಂತು ಬೆಳೆದವೇ. ಆದ್ದರಿಂದ ತಾತ ಅಡ್ಡಗೋಡೆಯ ಮೇಲೆ ದೀಪವಿಡದೆ ನೇರವಾಗಿಯೇ ಕೇಳಿದರು: 'ಪೇಪರ್ ತುರುಕಾಕೆ ಆಗಲ್ವಂತಾ? ಅಲ್ಲಿ ಪೇಪರ್ ಬರಾಕಿಲ್ವಾ?'

ಮಗ ಹಣೆ ಒತ್ತಿಕೊಂಡು, ಹಿಮ್ಮಡಿ ಒಳಗೆ ಎದ್ದಾಡಿದರೆ ಕಾಲು ಹೇಳಿದ್ದು ಸ್ಕೀಗೆ ಕೇಳುವುದಿಲ್ಲ ಎಂದು ವಿವರಿಸಿದ. 'ಮತ್ತೆ ಮುಂದಿನ್ ವರ್ಷ?' 'ಮುಂದಿನ್ ವರ್ಷ ಬೇರೆ ಬೂಟು.' 'ಅದರ್ ಮುಂದಿನ್ ವರ್ಷ?' 'ಅದೂ ಬೇರೆ.' ಹಜಾರದಲ್ಲಿ ಮೌನ. ಒಳಗಿನಿಂದ ಅಜ್ಜಿ, 'ಆ ಕಾಸ್‌ನಾಗೆ ಒಂದು ಕರ ಬತ್ತದೆ' ಎಂದದ್ದು ಡೆನ್ವರಿನವರೆಗೂ ಕೇಳಿಸಿತು.

ಇಲ್ಲಿ ಕಬ್ಬಿನ ಲೆಕ್ಕ ಅಡ್ಡ ಬಂತು. ತಾತ ತಮ್ಮ ಪಾಲಿನ ಸ್ಕೀ ಕಾಣಿಕೆಯನ್ನು ಕಬ್ಬಿನ ಬಿಲ್ಲಿನಿಂದ ಕೊಡುವುದೆಂದು ತೀರ್ಮಾನಿಸಿದ್ದರು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ತೆಗೆದುಕೊಂಡ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಆದೇಶಕ್ಕೆ ಅರವತ್ತರ ವಯಸ್ಸಾಯಿತು, ಅದನ್ನು ನಂಬಿದ ರೈತರಿಗೆ ಅದಕ್ಕಿಂತ ಹೆಚ್ಚು. ಮೂರು ವರ್ಷದ ಮಗುವಿನ ಪಾದಕ್ಕೆ ಮಾತ್ರ ಯಾವ ಆದೇಶವೂ ಬೇಡ, ಅದು ತಾನೇ ಬೆಳೆಯುತ್ತದೆ. ಹದಿನೈದೂವರೆಗೆಂದು ಲೆಕ್ಕ ಹಾಕಿದ ಹಣ ಕೈಸೇರುವಷ್ಟರಲ್ಲಿ ಪಾದ ಹದಿನೇಳೂವರೆಗೆ ಮುಟ್ಟಿರುತ್ತದೆ.

ಹಾಗಾದರೆ ಉಪಾಯವೇನು? ಉಪಾಯ ಅಂಗಡಿಯವನೇ ಹೇಳಿದ್ದ. ಕೊಳ್ಳಲೇಬೇಡಿ. ಅಮೆರಿಕದ ಹಿಮದೂರುಗಳಲ್ಲೆಲ್ಲ ಮಕ್ಕಳ ಸ್ಕೀ, ಬೂಟುಗಳನ್ನು ಇಡೀ ಋತುವಿಗೆ ಬಾಡಿಗೆಗೆ ಕೊಡುತ್ತಾರೆ. ಅಕ್ಟೋಬರಿನಲ್ಲಿ ಒಯ್ದು ಹಿಮ ಕರಗಿದ ಮೇಲೆ ತಂದೊಪ್ಪಿಸಿದರೆ ಸರಿ, ನಡುವೆ ಕಾಲು ಬೆಳೆದರೆ ಎಷ್ಟೋ ಕಡೆ ಬೂಟು ಬದಲಾಯಿಸಿಯೂ ಕೊಡುತ್ತಾರೆ. ಇದಕ್ಕಿಂತ ವಿವೇಕದ ಮಾತು ಈ ಪ್ರಕರಣದಲ್ಲಿ ಬೇರೊಂದಿಲ್ಲ. ಹಾಗಾಗಿಯೇ ಎರಡೂ ತಾಲೂಕುಗಳು ಒಕ್ಕೊರಲಿನಿಂದ ಅದನ್ನು ತಳ್ಳಿಹಾಕಿದವು. 'ಬಾಡ್ಗೆದಾ? ಮೊದಲ್ನೇ ಮೊಮ್ಮಗ ಬಾಡ್ಗೆ ಹಲಗೆ ಮ್ಯಾಲೆ ಜಾರದಾ? ಜ್ಯೂರಿಕ್‌ನೋರ್ಗೆ ಗೊತ್ತಾದ್ರೆ?' ಮದುವೆ ಛತ್ರ ಬಾಡಿಗೆ, ಶಾಮಿಯಾನ ಬಾಡಿಗೆ, ಪಾತ್ರೆ ಬಾಡಿಗೆ, ವರ ಏರಿ ಬಂದ ಕಾರೂ ಬಾಡಿಗೆ. ಇದೊಂದು ಮಾತ್ರ ಸ್ವಂತದ್ದಾಗಬೇಕು. ಬೀಗರ ನಡುವೆ ಆ ಮದುವೆಯಾದ ಮೇಲೆ ಮೂಡಿದ ಮೊದಲ ಒಮ್ಮತ ಇದು. ಹೊಸ ಸ್ಕೀ ಬಂತು. ಎಡಗಾಲಿನದು ಪಾಂಡವಪುರದ ಲೆಕ್ಕ, ಬಲಗಾಲಿನದು ಕೆ.ಆರ್. ಪೇಟೆಯದು.

ಬೈಂಡಿಂಗಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಆ ಕೊಂಡಿಯ ಮುಖ್ಯ ಕೆಲಸ ಹಿಡಿಯುವುದಲ್ಲ, ಬಿಡುವುದು. ಮಗು ಬಿದ್ದು ಕಾಲು ತಿರುಚಿದಾಗ ಸ್ಕೀ ಕಳಚಿಕೊಳ್ಳದಿದ್ದರೆ ಮೊಣಕಾಲ ಕೆಳಗಿನ ಎಲುಬು ಮುರಿಯಬಹುದು. ಎಷ್ಟು ಒತ್ತಡಕ್ಕೆ ಕಳಚಬೇಕೆಂಬುದನ್ನು ಮಗುವಿನ ತೂಕ, ಎತ್ತರ, ಬೂಟಿನ ಉದ್ದ ನೋಡಿ ಅಂಗಡಿಯ ತಂತ್ರಜ್ಞ ತಿರುಪು ತಿರುಗಿಸಿ ಇಡಬೇಕು, ಮನೆಯವರು ಕೈಹಾಕಬಾರದು. 'ಬಿಚ್ಕೊಳೋದಕ್ಕೆ ಕಾಸ್ ಕೊಟ್ಟು ಕಟ್ಸಬೇಕಾ?' ಅನ್ನುವುದು ಕೆ.ಆರ್. ಪೇಟೆ ತಾತನ ಪ್ರಶ್ನೆಯಾಗಿತ್ತು. ಕೈಕೋಲು ಬೇಡ ಎಂದದ್ದಕ್ಕೂ ಇಬ್ಬರಿಗೂ ಬೇಸರವಾಯಿತು. ಫೋಟೋದಲ್ಲಿ ಕೋಲಿದ್ದರೆ ಲಕ್ಷಣ. ಆದರೆ ಇಷ್ಟು ಸಣ್ಣವರಿಗೆ ಕೋಲು ಕೊಟ್ಟರೆ ಕಾಲಿನ ಕಡೆ ಇರಬೇಕಾದ ಗಮನ ಕೋಲಿನ ಕಡೆ ಹೋಗುತ್ತದೆ, ಪಕ್ಕದ ಮಗುವಿನ ಕಣ್ಣಿನ ಕಡೆಗೂ ಹೋಗುತ್ತದೆ.

ಇನ್ನುಳಿದದ್ದು ಹೆಲ್ಮೆಟ್ಟು. ಮಗ ಇದರಲ್ಲಿ ಚೌಕಾಸಿಗೆ ಒಪ್ಪಲಿಲ್ಲ. ತಲೆಗೆ ಸರಿಯಾಗಿ ಕೂರುವಂಥದ್ದು, ಕೆಳಗೆ ಉಣ್ಣೆ ಟೋಪಿ ತುರುಕದಂಥದ್ದು, ಗದ್ದದ ಪಟ್ಟಿಯಲ್ಲಿ ಒಂದು ಬೆರಳು ಮಾತ್ರ ಹೋಗುವಂಥದ್ದು. ಜೊತೆಗೆ ಕಣ್ಣಿಗೆ ಗಾಗಲ್ಸು. ಮೈಗೊಂದು ಎದೆಪಟ್ಟಿ, ಅದರ ಹಿಂದೆ ಉದ್ದನೆಯ ಪಟ್ಟಿ. ಅಪ್ಪ ಹಿಂದಿನಿಂದ ಅದನ್ನು ಹಿಡಿದು, ಮಗು ಓಡಿದರೆ ತಡೆಯುತ್ತಾನೆ. ಎರಡು ಸ್ಕೀಗಳ ಮೂತಿ ಅಗಲವಾಗದಂತೆ ಕೂಡಿಸುವ ಸಣ್ಣ ರಬ್ಬರ್ ತುಂಡೂ ಬಂತು. ಮೂತಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ ವೇಗ ತಗ್ಗುತ್ತದೆ, ಅದಕ್ಕೆ ಅಲ್ಲಿನ ಮೇಷ್ಟ್ರುಗಳು ಮಕ್ಕಳಿಗೆ ಹೇಳುವುದು 'ಪಿಜ್ಜಾ'. ಎರಡನ್ನೂ ಸಮವಾಗಿ ನೆಟ್ಟಗಿಟ್ಟರೆ ಓಟ, ಅದು 'ಫ್ರೆಂಚ್ ಫ್ರೈಸ್'. ಪಾಂಡವಪುರದ ಅಜ್ಜಿ ಈ ವಿಡಿಯೋ ನೋಡಿ, ಅಪ್ಪ ಹಿಂದಿನಿಂದ 'ಪಿಜ್ಜಾ! ಪಿಜ್ಜಾ!' ಎಂದು ಕಿರುಚುವುದನ್ನು ಕೇಳಿ, ಮಗುವಿಗೆ ಹಸಿವಾದರೂ ಇವನು ಆಟ ಬಿಡಿಸುತ್ತಿಲ್ಲ ಎಂದು ಎರಡು ದಿನ ಮಗನ ಜೊತೆ ಮಾತು ಬಿಟ್ಟರು.

ಬೆಟ್ಟದ ಟಿಕೆಟಿನ ಲೆಕ್ಕ ಕೇಳಿ. ಕೊಲರಾಡೊದ ವೇಲ್‌ನಂಥ ಹೆಸರಾಂತ ಜಾಗಗಳಲ್ಲಿ ಅಂದಂದೇ ಹೋಗಿ ಕೊಂಡರೆ ದೊಡ್ಡವರಿಗೆ ಒಂದು ದಿನಕ್ಕೆ 300 ಡಾಲರ್ ದಾಟುವುದುಂಟು. ತೀರಾ ಸಣ್ಣ ಮಕ್ಕಳಿಗೆ ಬಹಳ ಕಡೆ ಬಿಟ್ಟಿ. ನಮ್ಮ ಕೆಎಸ್ಆರ್‌ಟಿಸಿಯಲ್ಲೂ ಆರು ವರ್ಷದೊಳಗಿನವರಿಗೆ ಬಿಟ್ಟಿಯೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಯೂ ಬಿಟ್ಟಿ. ಎರಡೂ ದೇಶಗಳಲ್ಲಿ ಟಿಕೆಟ್ ಕೊಂಡು ಓಡಾಡುವ ಒಂದೇ ಪ್ರಾಣಿ ಗಂಡಸು.

ಇಷ್ಟೆಲ್ಲ ಆದ ಮೇಲೆ ಮಗು ಮಾಡಿದ್ದೇನು? ಮೊದಲ ದಿನ ಚಲಿಸುವ ರಬ್ಬರ್ ಹಾಸಿನ ಮೇಲೆ ನಿಂತು ದಿಬ್ಬ ಹತ್ತಿತು. ಅದು ಬಲು ಇಷ್ಟವಾಯಿತು. ಇಳಿಯುವುದು ಇಷ್ಟವಾಗಲಿಲ್ಲ. ಅರ್ಧ ಗಂಟೆಯಲ್ಲಿ ಒಂದು ಕೈಗವಸು ಬಿಸಾಡಿ, ಹಿಮ ತಿಂದು, ಮೂತ್ರಕ್ಕೆ ಹೋಗಬೇಕೆಂದು ಅತ್ತಿತು. ಬಟ್ಟೆ ಬಿಚ್ಚಲು ಹತ್ತು ನಿಮಿಷ, ಮತ್ತೆ ಹಾಕಲು ಇಪ್ಪತ್ತು. ಊರಿಗೆ ಬಂದ ವಿಡಿಯೋ ಹನ್ನೊಂದು ಸೆಕೆಂಡಿನದು.

ಇದರ ನಡುವೆ, ಸ್ಕೀ ಎಂದರೆ ಡೆನ್ವರು ಜ್ಯೂರಿಕ್ಕುಗಳ ಸ್ವತ್ತಲ್ಲ ಎಂದು ಡೇರಿ ಮುಂದೆ ಒಮ್ಮೆ ಬಾಯಿ ಹಾಕಿದೆ. ನಮ್ಮ ಗದ್ದೆಗೆ ನೀರು ಕೊಡುವ ಕಾವೇರಿ ಹುಟ್ಟುವ ಕೊಡಗಿನಲ್ಲೇ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಎಂಬಾಕೆ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ತೊಟ್ಟಿಲು ಬಿಟ್ಟ ಮಗುವಾಗಿ ಅಲ್ಲ, ಬೆಳೆದ ಮೇಲೆ ಸ್ಕೀ ಕಟ್ಟಿದವರು. 'ಕರ್ನಾಟಕಕ್ಕೆ ಹಿಮದಾಗೆ ಚಿನ್ನವಾ?' ಎಂದು ಒಬ್ಬರು ನಕ್ಕರು. ಇನ್ನೊಬ್ಬರು ಮಾತ್ರ ಗಂಭೀರವಾಗಿ ಕೇಳಿದರು: 'ಆವಮ್ಮ ಯಾವ ಕಂಪ್ನಿ ಸ್ಕೀ ಹಾಕ್ತದೆ?' ಹಾಲು ಹಾಕಿ ಮನೆಗೆ ಬಂದೆ.

ವೈರಮುಡಿ ಉತ್ಸವಕ್ಕೆಂದು ಮಾರ್ಚಿನಲ್ಲಿ ಮಗ ಸಂಸಾರ ಸಮೇತ ಊರಿಗೆ ಬಂದ. ಮೂರಕ್ಕೆ ಬಿದ್ದ ಕೂಸು ನೆಲಕ್ಕೆ ಕಾಲಿಡಲಿಲ್ಲ. ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟುತ್ತಿತ್ತು. ಅದು ಹಿತ್ತಿಲ ಮಣ್ಣಿನ ಗುಡ್ಡೆಯ ಮೇಲೆ ಕುಂಡಿಯೂರಿ ಜಾರಲು ಹೋದಾಗ ಇಡೀ ಮನೆ ಹೋ ಎಂದು ಓಡಿತು. 'ಬಿದ್ದೀಯ! ಗಲೀಜು!' ಕೊಲರಾಡೊದ ಬೆಟ್ಟದಲ್ಲಿ ಹೊಗಳಿಸಿಕೊಂಡ ವಿದ್ಯೆಗೆ ಇಲ್ಲಿ ಬೆನ್ನ ಮೇಲೆ ಒಂದು ಗುದ್ದು ಬಿತ್ತು.

ಮಾರನೆಯ ದಿನ ಅದೇ ಮಗುವನ್ನು ಅಪ್ಪ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡ. ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಗಂಜಾಂ ನಿಮಿಷಾಂಬ ದೇವಸ್ಥಾನದ ಪ್ರಸಾದದ ಬುಟ್ಟಿ. ಯಾರ ತಲೆಯ ಮೇಲೂ ಏನೂ ಇಲ್ಲ. ಮಗುವಿನ ಕೈಯಲ್ಲಿ ಹಾರನ್ನು, ಅದು ಒತ್ತಿದ್ದೇ ಒತ್ತಿದ್ದು. ಡೆನ್ವರಿನಲ್ಲಿ ಐದಡಿ ದಿಬ್ಬಕ್ಕೆ ಎದೆಪಟ್ಟಿ ಬಿಗಿದು ಹಗ್ಗ ಹಿಡಿದ ಕೈ, ಇಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿತ್ತು. ಇನ್ನೊಂದರಲ್ಲಿ ಫೋನಿತ್ತು, ಮಗುವಿಗೆ ಊರು ತೋರಿಸುವ ವಿಡಿಯೋಗೆ.

ಇದೇ ನಾಲೆಗೆ 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ಉರುಳಿ 30 ಜನ ಸತ್ತರು. ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಸ್ಕೀ ಬೆಟ್ಟಗಳಲ್ಲಿ ಜನ ಡಿಕ್ಕಿ ಹೊಡೆಯಬಹುದಾದ ಒಂದೊಂದು ಕಂಬಕ್ಕೂ ದಪ್ಪ ದಿಂಬು ಸುತ್ತಿರುತ್ತಾರೆ. ನಮ್ಮಲ್ಲಿ ನಾಲೆಗೆ ವಾಹನ ಬಿದ್ದಾಗಲೆಲ್ಲ ತಡೆಗೋಡೆಯ ಮಾತು ಬೀಳುತ್ತದೆ. ನೀರು ಬಿಟ್ಟ ಮೇಲೆ ಮಾತು ಹರಿದುಹೋಗುತ್ತದೆ. ಕಾಲುವೆಗಳ ನಡುವೆ ಹುಟ್ಟಿ ಬೆಳೆಯುವ ಈ ಜಿಲ್ಲೆಯ ಎಷ್ಟು ಮಕ್ಕಳಿಗೆ ಈಜು ಬರುತ್ತದೆ ಎಂದು ಯಾವ ಡೇರಿ ಮುಂದೆಯೂ ಯಾರೂ ಕೇಳುವುದಿಲ್ಲ. ಈಜಿಗೆ ಕಂಪನಿಯಿಲ್ಲ, ಸೈಜಿಲ್ಲ, ಬೀಗರಿಗೆ ಪಾಲಿಲ್ಲ.

ಹೆಲ್ಮೆಟ್ಟು, ಎದೆಪಟ್ಟಿಗಳು ಫಾರಿನ್ನಿನ ಶೋಕಿ ಎಂದುಕೊಂಡವರಿಗೆ ಒಂದು ಮಾತು. ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿ, ಒಂದು ವರ್ಷದ ನಂತರ ಜಾರಿಗೆ ಬಂದ ನಿಯಮವೇ ಇದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗು ಬೈಕಿನಲ್ಲಿದ್ದರೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ಸವಾರನಿಗೆ ಅದನ್ನು ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಅಂದರೆ ಡೆನ್ವರಿನಿಂದ ಸೂಟ್‌ಕೇಸಿನಲ್ಲಿ ಆ ಪಟ್ಟಿಯನ್ನು ತಂದಿದ್ದರೆ ಕಾನೂನಿಗೂ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಸೂಟ್‌ಕೇಸಿನಲ್ಲಿ ಜಾಗವಿರಲಿಲ್ಲ. ಬೀಗರಿಬ್ಬರೂ ಕಣ್ಣಾರೆ ನೋಡಲಿ ಎಂದು ಸ್ಕೀ ತಂದಿದ್ದರು.

ಎರಡು ದಿನ ಬಿಟ್ಟು ಕೆ.ಆರ್. ಪೇಟೆಗೆ ಹೊರಟರು. ಅದೇ ಬೈಕು, ಅದೇ ಟ್ಯಾಂಕು. ಸ್ಕೀಯನ್ನು ಮಾತ್ರ ಹಳೇ ರಗ್ಗಿನಲ್ಲಿ ಸುತ್ತಿ, ಗೀರು ಬೀಳದಂತೆ ಹಗ್ಗ ಬಿಗಿದು, ಸೊಸೆ ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ದಾರಿಯ ಒಂದು ಸರ್ಕಲ್ಲಿನಲ್ಲಿ ಪೇದೆ ಕೈ ಅಡ್ಡ ಹಾಕಿದರು. ಲೈಸೆನ್ಸ್ ಕೇಳಿದರು, ಹೆಲ್ಮೆಟ್ ಎಲ್ಲಿ ಎಂದರು, ರಗ್ಗಿನೊಳಗೆ ಏನು ಎಂದರು.

'ಸ್ಕೀ ಸಾರ್. ಮಗೂದು.'

ಅಮೆರಿಕ ಎಂಬುದು ಬಾಯಿಗೆ ಬಂದ ಮೇಲೆ ದಂಡದ ಪುಸ್ತಕ ಜೇಬಿಗೆ ಹೋಯಿತು. ಬಿಸಿಲಿನಲ್ಲಿ ರಗ್ಗು ಬಿಚ್ಚಿ ತೋರಿಸಿದರು. ಸುತ್ತ ಆಟೋದವರು ಸೇರಿದರು. ಮಗ ಫೋನು ತೆಗೆದು ಹನ್ನೊಂದು ಸೆಕೆಂಡಿನ ವಿಡಿಯೋ ಹಾಕಿದ. ಟ್ಯಾಂಕಿನ ಮೇಲಿನ ಮಗು ಬರಿದಲೆಯಲ್ಲಿ ಹಾರನ್ ಒತ್ತುತ್ತಲೇ ಇತ್ತು. ಪೇದೆ ಎರಡು ಸಲ ನೋಡಿ, ಪರದೆಗೆ ಬೆರಳಿಟ್ಟು ದೊಡ್ಡದು ಮಾಡಿ ಹೇಳಿದರು:

'ಹೆಲ್ಮೆಟ್ ಬೋ ಚೆಂದಾಗದೆ ಸಾರ್. ಅಲ್ಲಿ ಎಷ್ಟ್ ಬೀಳ್ತದೆ?'